ಕಡಲ ಮೇಲೊಂದು ಕರಿಯ ಚುಕ್ಕೆ

1998ನೆಯ ಇಸವಿ, ಜನವರಿ 25. ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಪೋರ್ಟ್ ಡಗ್ಲಸ್ ಎಂಬ ಊರಿನಿಂದ ಒಂದು ವಿಹಾರ ನೌಕೆ ಹೊರಟಿತು. ಜಗತ್ಪ್ರಸಿದ್ಧವಾದ ಹವಳದ ದಿಬ್ಬಗಳ ನಡುವೆ ನೀರಿಗಿಳಿದು, ಬಣ್ಣಬಣ್ಣದ ಮೀನುಗಳನ್ನು ಕಂಡು ಬರಬೇಕೆಂಬುದು ಅದರಲ್ಲಿದ್ದವರ ಉದ್ದೇಶ. ಸಂಜೆಗೆ ನೌಕೆ ದಡಕ್ಕೆ ಮರಳಿತು. ಅಮೆರಿಕೆಯ ದಂಪತಿಗಳಿಬ್ಬರು ಮಾತ್ರ ಅದರಲ್ಲಿರಲಿಲ್ಲ. ತಲೆಯೆಣಿಕೆ ತಪ್ಪಿತ್ತು! ಅವರ ಚೀಲ ನೌಕೆಯಲ್ಲಿಯೇ ಉಳಿದಿರುವುದು ಕಣ್ಣಿಗೆ ಬಿದ್ದು ಹುಡುಕಾಟ ಆರಂಭವಾದದ್ದು ಎರಡು ದಿನಗಳ ಅನಂತರ. ಮುಂದೆ ಅವರ ತೇಲುಕವಚಗಳು ದೂರದ ದಡವೊಂದಕ್ಕೆ ಬಂದು ಬಿದ್ದವು. ಕೆಲವು ತಿಂಗಳ ಮೇಲೆ, ನೀರಿನೊಳಗೆ ಬರೆಯಲೆಂದು ಮುಳುಗುಗಾರರು ಒಯ್ಯುವ ಸ್ಲೇಟೊಂದು ಸಿಕ್ಕಿತು. ಅದರ ಮೇಲೆ ಜನವರಿ 26, ಬೆಳಿಗ್ಗೆ 8 ಗಂಟೆ ಎಂದು ಕಾಣಿಸಿ, ಸಹಾಯಕ್ಕಾಗಿ ಮೊರೆಯಿಡಲಾಗಿತ್ತು. ದಂಪತಿಗಳು ಸಿಗಲೇ ಇಲ್ಲ.

ಈ ದಾರುಣ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಇಬ್ಬರಿಗೆ ಈಜು ಬರುತ್ತಿತ್ತು, ತೇಲುವ ಸಾಧನವಿತ್ತು, ಮರುದಿನ ಬೆಳಿಗ್ಗೆಯವರೆಗೂ ಬರೆಯುವಷ್ಟು ಚೈತನ್ಯವಿತ್ತು. ಇಲ್ಲದಿದ್ದುದು ಅವರನ್ನು ಕಾಣುವ ಕಣ್ಣು.

ಸಮುದ್ರದ ತಳಕ್ಕೆ ಇಳಿಯುವ ಸಾಹಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಲ್ಲು ಕಿರಿದ ಶಾರ್ಕ್ ಮೀನು. ಸಿನಿಮಾದವರ ಕೃಪೆ! ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸ್ಕೂಬಾ ಮುಳುಗುಗಾರನಿಗೆ ಬಹುಮಟ್ಟಿಗೆ ಮೀನುಗಳಿಂದ ಭಯವಿಲ್ಲ. ಮೇಲೆದ್ದಾಗ ದೋಣಿ ಕಾಣದಿರುವುದು, ಅದಕ್ಕಿಂತ ಮಿಗಿಲಾಗಿ, ದೋಣಿಯವರಿಗೆ ತಾನು ಕಾಣದಿರುವುದು ನಿಜವಾದ ಭಯ. ನೀರಿನ ಮೇಲೆ ತೇಲುವ ಮನುಷ್ಯನ ತಲೆ ಒಂದು ತೆಂಗಿನಕಾಯಿಗಿಂತ ಹೆಚ್ಚು ದೊಡ್ಡದಾಗಿ ಕಾಣುವುದಿಲ್ಲ. ಅವನ ಉಡುಪೋ ಸಾಮಾನ್ಯವಾಗಿ ಕಪ್ಪು. ಅಲೆ ಒಂದು ಮೀಟರ್ ಎದ್ದರೆ ಸಾಕು, ಅವನು ಇದ್ದಾನೆಯೇ ಇಲ್ಲವೇ ಎಂದು ಹೇಳುವುದು ಕಷ್ಟ. ಇಷ್ಟರ ನಡುವೆ ಪ್ರವಾಹ ಸುಮ್ಮನಿರುವುದಿಲ್ಲ. ಒಂದು ನಾಟ್ ವೇಗದ ಸಾಧಾರಣ ಸೆಳೆತವೂ ಮೂರು ಗಂಟೆಗಳಲ್ಲಿ ಅವನನ್ನು ಐದೂವರೆ ಕಿಲೋಮೀಟರ್ ಒಯ್ದುಬಿಡುತ್ತದೆ.

2008ರ ಜೂನ್‌ನಲ್ಲಿ ಇಂಡೋನೇಷ್ಯದ ಕೊಮೊಡೊ ದ್ವೀಪಗಳ ಬಳಿ ಐವರು ಯೂರೋಪಿಯನ್ ಮುಳುಗುಗಾರರನ್ನು ಸೆಳೆತ ಹೀಗೆಯೇ ಒಯ್ದಿತು. ಹಲವು ಗಂಟೆ ತೇಲಿ ಅವರು ಹತ್ತಿದ ದಡ ರಿಂಚಾ ದ್ವೀಪದ್ದು. ಅಲ್ಲಿದ್ದುದು ದೈತ್ಯಾಕಾರದ ಕೊಮೊಡೊ ಉಡಗಳು. ಬಂಡೆಯಲ್ಲಿ ಅಂಟಿದ್ದ ಚಿಪ್ಪುಮೀನನ್ನು ಹಸಿಯಾಗಿಯೇ ತಿಂದು, ಉಡಕ್ಕೆ ಕಲ್ಲು ಬೀರುತ್ತ, ಎರಡು ದಿನ ಜೀವ ಹಿಡಿದಿದ್ದವರನ್ನು ಹುಡುಕುವ ದೋಣಿ ಕೊನೆಗೂ ಕಂಡಿತು.

ಇಂಥ ಸಂಕಟಕ್ಕೆ ಮುಳುಗುಗಾರರು ಕಂಡುಕೊಂಡಿರುವ ಉಪಾಯಗಳಲ್ಲಿ ಅಗ್ರಸ್ಥಾನ ಒಂದು ಚೀಲದ್ದು. ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುವುದಿಲ್ಲವೇ? ಇದೂ ಅದರ ವಂಶದ್ದೇ. ಕೆಲಸ ಮಾತ್ರ ಬೇರೆ. ಒಂದೂವರೆ ಮೀಟರ್ ಉದ್ದ, ಅಂಗೈ ಅಗಲ. ಕಿತ್ತಳೆ ಅಥವಾ ಹಳದಿ ಬಣ್ಣ. ಸುತ್ತಿಟ್ಟರೆ ಜೇಬಿನಲ್ಲಿ ಹಿಡಿಯುತ್ತದೆ. ಮುಳುಗುಗಾರನು ಮೇಲೆ ಬರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ವಾಡಿಕೆ. ಆಗ ಈ ಚೀಲದ ಬಾಯಿಗೆ ತನ್ನ ಉಸಿರ್ಗೊಳವೆಯಿಂದ ಸ್ವಲ್ಪ ಗಾಳಿ ಊದಿ ಬಿಟ್ಟುಬಿಡುತ್ತಾನೆ. ದಾರದ ಉರುಳೆ ಬಿಚ್ಚಿಕೊಳ್ಳುತ್ತ ಹೋಗಿ, ಚೀಲ ಮೇಲೆದ್ದು ನೀರಿನ ಮೇಲೆ ಕಂಬದಂತೆ ನಿಲ್ಲುತ್ತದೆ. ಕೆಳಗೆ ಜನರಿದ್ದಾರೆ ಎಂದು ದೋಣಿಯವನಿಗೆ ಅವರು ತಲೆಯೆತ್ತುವ ಮೊದಲೇ ತಿಳಿಯುತ್ತದೆ. ಆ ದಾರಿಯಾಗಿ ಬರುವ ಮೀನುದೋಣಿಯ ಯಂತ್ರದ ರೆಕ್ಕೆಗಳಿಗೆ ಸಿಕ್ಕುವ ಗಂಡಾಂತರವೂ ತಪ್ಪುತ್ತದೆ.

ಕೇಳಲು ಸುಲಭ. ಆದರೆ ಇಲ್ಲಿ ಬಾಯ್ಲನ ನಿಯಮವನ್ನು ಮರೆಯಲಾಗದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಅರ್ಧ ತುಂಬಿಸಿದ ಚೀಲ ಮೇಲೆ ಬರುವಷ್ಟರಲ್ಲಿ ಪೂರ್ತಿ ಉಬ್ಬಿರುತ್ತದೆ. ಉಬ್ಬಿದಷ್ಟೂ ಅದರ ಎಳೆತ ಹೆಚ್ಚು. ದಾರ ಕೈಗೋ ಕವಚಕ್ಕೋ ಸುತ್ತಿಕೊಂಡರೆ ಚೀಲದೊಡನೆ ಮನುಷ್ಯನೂ ಮೇಲಕ್ಕೆ ಹಾರುತ್ತಾನೆ. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಹೊರಬಿದ್ದು, ಕೀಲು ಮತ್ತು ನರಗಳಿಗೆ ಅಪಾಯ ತಟ್ಟುತ್ತದೆ. ಉಸಿರು ಬಿಗಿಹಿಡಿದಿದ್ದರಂತೂ ಶ್ವಾಸಕೋಶಕ್ಕೇ ಕುತ್ತು. ಆದುದರಿಂದ ಉರುಳೆಯನ್ನು ಮೈಗೆ ಎಂದೂ ಕಟ್ಟಬಾರದು, ಸಿಕ್ಕಿಕೊಂಡರೆ ಒಡನೆಯೇ ಕೈಬಿಡಬೇಕು. ಈಜುಕೊಳದಲ್ಲಿ ಹತ್ತು ಸಲ ಅಭ್ಯಾಸ ಮಾಡದೆ ಈ ಚೀಲವನ್ನು ಕಡಲಿಗೆ ಒಯ್ಯುವುದು ನನಗಂತೂ ಒಪ್ಪಿಗೆಯಾಗುವ ಮಾತಲ್ಲ.

ಬೆಲೆಯಲ್ಲಿ ಕನಿಷ್ಠ, ಗುಣದಲ್ಲಿ ಉತ್ತಮವಾದದ್ದು ಕನ್ನಡಿ. ಬಿಸಿಲಿರುವ ದಿನ ಅಂಗೈಯಗಲದ ಕನ್ನಡಿಯ ಮಿಂಚು ಹತ್ತು ಹದಿನೈದು ಕಿಲೋಮೀಟರ್ ದೂರದ ವಿಮಾನಕ್ಕೂ ಕಂಡೀತು. ಒಂದು ಕೈ ಚಾಚಿ, ಎರಡು ಬೆರಳುಗಳ ಸಂದಿನಲ್ಲಿ ದೋಣಿಯನ್ನು ಹಿಡಿದು, ಬೆಳಕು ಆ ಬೆರಳುಗಳ ಮೇಲೆ ಬೀಳುವಂತೆ ಕನ್ನಡಿಯನ್ನು ಓಲಾಡಿಸಿದರೆ ಗುರಿ ತಪ್ಪದು. ಮನೆಯ ಮೂಲೆಯಲ್ಲಿ ಬಿದ್ದಿರುವ ಹಾಡಿನ ಹಳೆಯ ಸಿ.ಡಿ. ತಟ್ಟೆಯೂ ಈ ಕೆಲಸಕ್ಕೆ ಒದಗುತ್ತದೆ. ನಡುವಿನ ತೂತು ಗುರಿಯಿಡಲು ಅನುಕೂಲವೇ.

ಸೀಟಿಯ ವಿಷಯ ಅಷ್ಟು ಆಶಾದಾಯಕವಲ್ಲ. ಒಳಗೆ ಗುಂಡು ಇರುವ ಸೀಟಿ ಒದ್ದೆಯಾದರೆ ಸೊಲ್ಲೆತ್ತುವುದಿಲ್ಲ, ಗುಂಡಿಲ್ಲದ್ದೇ ಆಗಬೇಕು. ಅದೂ ಗಾಳಿಗೆದುರಾಗಿ, ಎಂಜಿನ್ನಿನ ಗದ್ದಲದ ನಡುವೆ ದೂರ ಮುಟ್ಟದು. ಸಿಲಿಂಡರಿನ ಗಾಳಿಯಿಂದಲೇ ಕೂಗುವ ಕೊಂಬೊಂದುಂಟು. ಒಂದು ಮೈಲಿಯವರೆಗೆ ಕೇಳಿಸುವುದೆಂದು ತಯಾರಕರ ಹೇಳಿಕೆ. ಸಿಲಿಂಡರ್ ಬರಿದಾಗಿದ್ದರೆ ಅದೂ ಮೂಕ. ಐವತ್ತು ಬಾರ್ ಗಾಳಿ ಉಳಿದಿರುವಾಗಲೇ ಮೇಲೇರಿ ಬನ್ನಿರೆಂದು ಗುರುಗಳು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣವಾದೀತು. ನೀರಿನೊಳಗೆ ಸಿಲಿಂಡರನ್ನು ತಟ್ಟಿ ಸಂಗಾತಿಯನ್ನು ಕರೆಯಬಹುದು. ಆದರೆ ಅಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ನಾಲ್ಕು ಮಡಿಗೂ ಹೆಚ್ಚು. ಎಡಗಿವಿಗೂ ಬಲಗಿವಿಗೂ ಅದು ಒಟ್ಟಿಗೆ ತಲಪಿದಂತಾಗಿ, ಕರೆದದ್ದು ತಿಳಿಯುತ್ತದೆ, ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ಕತ್ತಲಾದರೆ ಕೈದೀಪ, ಮಿಣುಕುವ ಚಿಕ್ಕ ದೀಪ ಇವೇ ಗತಿ.

ಇನ್ನು ಈ ಕಾಲದ ಅದ್ಭುತ. ಕನ್ನಡಕದ ಪೆಟ್ಟಿಗೆಯಷ್ಟು ದೊಡ್ಡ ಸಂಕಟಸೂಚಕ ಯಂತ್ರ ಒಂದಿದೆ. ಗುಂಡಿಯೊತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಅದರ ಕೂಗು ಆಕಾಶಕ್ಕೇರಿ, ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಉಪಗ್ರಹಗಳಿಗೆ ಕೇಳುತ್ತದೆ. ಅಮೆರಿಕ, ರಷ್ಯ, ಕೆನಡ, ಫ್ರಾನ್ಸ್ ದೇಶಗಳು ಕೂಡಿ ಕಟ್ಟಿದ ಈ ವ್ಯವಸ್ಥೆಯಿಂದ ಮೊದಲ ಜೀವಗಳು ಉಳಿದದ್ದು 1982ರ ಸೆಪ್ಟೆಂಬರ್‌ನಲ್ಲಿ, ಕೆನಡದಲ್ಲಿ ನೆಲಕ್ಕೆ ಬಿದ್ದ ಒಂದು ಚಿಕ್ಕ ವಿಮಾನದ ಮೂವರು. ಭಾರತದ ಪಾಲಿನ ಕೇಂದ್ರ ಇರುವುದು ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರದ ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿ! ಅರಬ್ಬಿ ಸಮುದ್ರದಲ್ಲಿ ತೇಲುವವನ ಮೊರೆ ಅಲ್ಲಿಗೆ ಬಂದು, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. ಯಂತ್ರವನ್ನು ಮೊದಲೇ ನೋಂದಾಯಿಸಿರಬೇಕು. ಆಳದ ಒತ್ತಡವನ್ನು ಅದು ತಾಳದಾದ್ದರಿಂದ ನೀರು ನುಗ್ಗದ ಡಬ್ಬಿಯಲ್ಲಿಟ್ಟು ಒಯ್ಯಬೇಕು.

ಸಾಧನವಿಲ್ಲದವನಿಗೂ ಕೈಗಳಿವೆ. ಆದರೆ ಮುಳುಗುಗಾರರ ಸನ್ನೆ ನಮ್ಮದಲ್ಲ. ಹೆಬ್ಬೆರಳೆತ್ತಿದರೆ 'ಭೇಷ್' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ. ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿದರೆ ಕ್ಷೇಮ. ನೀರಿನ ಮೇಲೆ ಕೈ ಬೀಸುವುದು ಆಪತ್ತಿನ ಸನ್ನೆ. ದೋಣಿಯಲ್ಲಿರುವ ಅಕ್ಕನಿಗೋ ಭಾವನಿಗೋ ರೈಲು ನಿಲ್ದಾಣದಲ್ಲಿ ಬೀಸುವಂತೆ ಬೀಸಿದರೆ, ರಕ್ಷಕನು ನೀರಿಗೆ ಹಾರಿಬಿಟ್ಟಾನು!

ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಇಂದು ನಮ್ಮ ಮನೆಗಳ ಮಕ್ಕಳು ವಾರಾಂತ್ಯದಲ್ಲಿ ಹೋಗಿ ಮುಳುಗಿ ಬರುತ್ತಾರೆ. ಹೊಸಬರ ಕೈಯನ್ನು ತರಬೇತುದಾರ ಬಿಡುವುದಿಲ್ಲವಾದ್ದರಿಂದ ಮೇಲಿನ ಸರಂಜಾಮೆಲ್ಲ ಅವರಿಗೆ ಬೇಕಾಗದು. ಹಣ ಕಟ್ಟುವ ಮುನ್ನ ಹಿರಿಯರು ಕೇಳಬಹುದಾದ ಪ್ರಶ್ನೆಗಳು ಇಷ್ಟೇ: ಇಳಿದವರ ಮತ್ತು ಹತ್ತಿದವರ ಹೆಸರನ್ನು ಕೂಗಿ ಬರೆದುಕೊಳ್ಳುವವರು ಯಾರು? ಎಲ್ಲರೂ ನೀರಿನಲ್ಲಿರುವಾಗ ದೋಣಿಯಲ್ಲಿ ಯಾರು ಉಳಿಯುತ್ತಾರೆ? ತರಬೇತುದಾರನ ಜೇಬಿನಲ್ಲಿ ಆ ಕಿತ್ತಳೆ ಚೀಲ ಉಂಟೇ? ಕರಾವಳಿ ರಕ್ಷಣಾ ಪಡೆಯ ದೂರವಾಣಿ 1554. ಅದನ್ನು ದಡದಲ್ಲಿ ಉಳಿಯುವವರು ಬರೆದಿಟ್ಟುಕೊಂಡಿರಲಿ.

ಪಳಗಿದವರು ಇವೆಲ್ಲದರ ಜೊತೆಗೆ ಚಿಕ್ಕದೊಂದು ಚಾಕುವನ್ನೂ ಒಯ್ಯುತ್ತಾರೆ. ಅದು ಶಾರ್ಕಿಗಲ್ಲ. ಬೆಸ್ತರು ಕಳೆದುಕೊಂಡ ನೈಲಾನ್ ಬಲೆ ವರ್ಷಗಟ್ಟಲೆ ಬಂಡೆಗಳ ನಡುವೆ ಕಣ್ಣಿಗೆ ಕಾಣದಂತೆ ತೂಗುತ್ತಿರುತ್ತದೆ. ಸಿಲಿಂಡರಿನ ಹಿಂಬದಿಗೆ ಅದು ತೊಡರಿದರೆ ಬಿಡಿಸಿಕೊಳ್ಳಲು. ಎರಡು ಕೈಗಳಲ್ಲಿ ಯಾವುದು ಸಿಕ್ಕಿಬಿದ್ದರೂ ಇನ್ನೊಂದಕ್ಕೆ ಎಟುಕುವಂತೆ ಅದನ್ನು ಎದೆಯ ಬಳಿ ಕಟ್ಟಿಕೊಳ್ಳುವುದು ರೂಢಿ.