ಜಲಾಂತರ್ಗಾಮಿ ಸಮರವೂ ಗೆರಿಲ್ಲಾ ಸಮರವೂ: ಒಂದು ತುಲನೆ

ಕಡಲಿನಿಂದ ಬಹುದೂರವಿರುವ ನಮ್ಮ ಹೊಸೂರು–ಡೆಂಕಣಿಕೋಟೆ ಸೀಮೆಯಲ್ಲಿ ಜಲಾಂತರ್ಗಾಮಿಯ ವಿಚಾರವನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ನೌಕೆಯ ಯುದ್ಧವಿಧಾನವನ್ನು ಬಿಡಿಸಿ ನೋಡಿದರೆ, ಹದಿನೆಂಟನೆಯ ಶತಮಾನದಲ್ಲಿ ಈ ಘಟ್ಟದ ದಾರಿಗಳಲ್ಲಿ ನಡೆದ ಸಮರಕ್ಕೂ ಅದಕ್ಕೂ ಹತ್ತಿರದ ನಂಟಿರುವುದು ತಿಳಿಯುತ್ತದೆ.

ಕೌಟಿಲ್ಯನು ಪ್ರಕಾಶಯುದ್ಧ, ಕೂಟಯುದ್ಧ ಎಂಬ ಭೇದವನ್ನು ಹೇಳಿದ್ದಾನೆ. ಕಾಲದೇಶಗಳನ್ನು ಗೊತ್ತುಮಾಡಿ ಎದುರೆದುರು ನಿಂತು ಕಾದುವುದು ಮೊದಲನೆಯದು. ಮರೆಯಲ್ಲಿದ್ದು, ಶತ್ರು ಮೈಮರೆತಾಗ ಹೊಡೆಯುವುದು ಎರಡನೆಯದು. 'ಗೆರಿಲ್ಲಾ' ಎಂಬ ಸ್ಪೇನಿನ ಮಾತಿಗೆ 'ಸಣ್ಣ ಯುದ್ಧ' ಎಂದರ್ಥ. 1808ರಿಂದ ಆ ದೇಶದ ಜನ ನೆಪೋಲಿಯನ್ನನ ಸೈನ್ಯದೊಡನೆ ನಡೆಸಿದ ಹೋರಾಟದಿಂದ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಗೆರಿಲ್ಲಾ ಸಮರವೂ ಜಲಾಂತರ್ಗಾಮಿಯ ಸಮರವೂ ಕೂಟಯುದ್ಧದ ಮಕ್ಕಳೇ.

ಮೊದಲನೆಯ ಸಾಮ್ಯ, ಎರಡೂ ಬಲಹೀನನ ಆಯುಧಗಳೆಂಬುದು. 1914ನೆಯ ಸೆಪ್ಟೆಂಬರ್ 22ರಂದು 'ಯು-9' ಎಂಬ ಪುಟ್ಟ ಜರ್ಮನ್ ಜಲಾಂತರ್ಗಾಮಿ ಬ್ರಿಟಿಷರ ಮೂರು ದೊಡ್ಡ ಸಮರನೌಕೆಗಳನ್ನು ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಸುಮಾರು 1,450 ಮಂದಿ ಸತ್ತರು. ಅದೇ ದಿನ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿದ 'ಎಮ್ಡನ್' ಜಲಾಂತರ್ಗಾಮಿಯಲ್ಲ, ನೀರಿನ ಮೇಲೆಯೇ ಸಂಚರಿಸುವ ಹಡಗು. ಆದರೂ ಒಂಟಿಯಾಗಿ ಬಂದು, ಹೊಡೆದು, ಮರೆಯಾಗುವ ನೀತಿ ಅದೇ. ನಮ್ಮ ನೆರೆಯ ತಮಿಳರ ಆಡುಮಾತಿನಲ್ಲಿ ಗಟ್ಟಿಗನಿಗೆ 'ಎಮ್ಡನ್' ಎಂಬ ಹೆಸರೇ ಬಂದುಬಿಟ್ಟಿತು.

ಎರಡನೆಯ ಸಾಮ್ಯವು ಇನ್ನೂ ಮುಖ್ಯವಾದುದು: ಇವೆರಡರ ಗುರಿ ಸೈನ್ಯಕ್ಕಿಂತ ಹೆಚ್ಚಾಗಿ ಅದರ ಅನ್ನದ ದಾರಿ. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೂ ಹೋಗಿ, ಅರಕೆರೆಯ ಕಾಳಗದಲ್ಲಿ ಗೆದ್ದನು. ಆದರೆ ಟಿಪ್ಪುವಿನ ಕಡೆಯವರು ದಾರಿಯ ಮೇವನ್ನೆಲ್ಲ ಹಾಳುಗೆಡವಿದ್ದರು. ಲಘು ಕುದುರೆಪಡೆ ಸುತ್ತಮುತ್ತ ಕಾಡುತ್ತಿತ್ತು. ಎತ್ತುಗಳು ಸತ್ತವು. ಗೆದ್ದವನೇ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಟಿಪ್ಪುವಿನದು ಕ್ರಮಬದ್ಧ ಸೈನ್ಯವೇ ಹೌದು. ಆದರೆ ಇಲ್ಲಿ ಫಲಿಸಿದ್ದು ಗೆರಿಲ್ಲಾ ಉಪಾಯ. 1917ರ ಫೆಬ್ರವರಿಯಿಂದ ಜರ್ಮನರು ಸರಕುಹಡಗುಗಳನ್ನು ಎಚ್ಚರಿಕೆಯಿಲ್ಲದೆ ಮುಳುಗಿಸತೊಡಗಿದಾಗಲೂ ಅವರ ಲೆಕ್ಕ ಇದೇ ಆಗಿತ್ತು: ಇಂಗ್ಲೆಂಡಿನ ಸೈನ್ಯವನ್ನು ಸೋಲಿಸುವುದಕ್ಕಿಂತ ಅದರ ಊಟವನ್ನು ತಡೆಯುವುದು ಸುಲಭ.

ಪ್ರತೀಕಾರದಲ್ಲಿಯೂ ಸಾಮ್ಯವುಂಟು; ಅದು ಬೆಂಗಾವಲು. ಕಾರ್ನ್‌ವಾಲಿಸನು 1791ರ ಜುಲೈಯಲ್ಲಿ ಹೊಸೂರಿಗೆ ಬಂದನು. ಅದೇ ತಿಂಗಳು ರಾಯಕೋಟೆಯೂ ಅವನ ವಶವಾಯಿತು. ಬಾರಾಮಹಲಿನಿಂದ ಮೇಲೇರುವ ಕಣಿವೆಯ ದಾರಿ ತೆರೆಯಿತು. ಆಗಸ್ಟಿನಲ್ಲಿ ಆ ದಾರಿಯಾಗಿ ಹಣ ಹೊತ್ತ ನೂರು ಆನೆಗಳೂ ಅಕ್ಕಿ ಹೊತ್ತ ಆರು ಸಾವಿರ ಎತ್ತುಗಳೂ ಕಾವಲಿನೊಡನೆ ಬಂದವು. ಲಂಬಾಣಿಗರು ಹೇರೆತ್ತುಗಳ ಮೇಲೆ ಧಾನ್ಯ ತಂದು ಮಾರಿದರು. ಮುಂದಿನ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ಸಾಧ್ಯವಾದದ್ದು ಹೀಗೆ. 1792ರ ಒಪ್ಪಂದದಲ್ಲಿ ಬಾರಾಮಹಲು ಕಂಪನಿಯ ಪಾಲಾಯಿತು.

ಕಡಲಿನಲ್ಲಿ ಬೆಂಗಾವಲಿನ ಕ್ರಮ 1917ರ ಮೇ ತಿಂಗಳಿಂದ ಬಂತು. ಅದರ ಗುಟ್ಟು ಬೇರೆ. ವಿಶಾಲ ಸಮುದ್ರದಲ್ಲಿ ನಲವತ್ತು ಹಡಗುಗಳ ಗುಂಪು ಒಂದು ಹಡಗಿಗಿಂತ ಬಹಳ ಹೆಚ್ಚೇನೂ ಕಣ್ಣಿಗೆ ಬೀಳದು. ಬಿಡಿಬಿಡಿಯಾಗಿ ಹೋದರೆ ಜಲಾಂತರ್ಗಾಮಿಗೆ ನಲವತ್ತು ಅವಕಾಶ, ಕೂಡಿ ಹೋದರೆ ಒಂದೇ. ಅಲ್ಲಿಯೂ ಕಾವಲು ಕಾದಿರುತ್ತದೆ. ಕಣಿವೆಯ ದಾರಿಯಲ್ಲಾದರೋ ಬೆಂಗಾವಲು ಅಡಗುವಂತಿಲ್ಲ. ಮೊದಲು ಬೆಟ್ಟದ ಕೋಟೆಯನ್ನೇ ಹಿಡಿಯಬೇಕು. ಎರಡನೆಯ ಮಹಾಯುದ್ಧದಲ್ಲಿ ರೇಡಾರೂ ವಿಮಾನವೂ ಬೆಂಗಾವಲಿನೊಡನೆ ಸೇರಿದ ಮೇಲೆ 1943ರ ಮೇ ಒಂದೇ ತಿಂಗಳಲ್ಲಿ ಜರ್ಮನರು ಸುಮಾರು ನಲವತ್ತು ಜಲಾಂತರ್ಗಾಮಿಗಳನ್ನು ಕಳೆದುಕೊಂಡರು. ಮರೆ ಹೋಯಿತೆಂದರೆ ಬಲವೂ ಹೋಯಿತು.

ಈ ಮರೆಯೇ ಧರ್ಮಸಂಕಟಕ್ಕೂ ಮೂಲ. 1907ರ ಹೇಗ್ ನಿಯಮಗಳ ಪ್ರಕಾರ ಸ್ವಯಂಸೇವಕ ಯೋಧರು ದೂರದಿಂದ ಗುರುತಿಸಬಹುದಾದ ಚಿಹ್ನೆಯನ್ನು ಧರಿಸಿ, ಆಯುಧವನ್ನು ಬಹಿರಂಗವಾಗಿ ಹಿಡಿದಿರಬೇಕು. ಹಾಗೆ ಮಾಡಿದರೆ ಗೆರಿಲ್ಲಾ ಯೋಧನು ಉಳಿಯುವುದು ಕಷ್ಟ. 1936ರ ಲಂಡನ್ ನಿಯಮದಂತೆ ಜಲಾಂತರ್ಗಾಮಿಯು ಸರಕುಹಡಗನ್ನು ಮುಳುಗಿಸುವ ಮೊದಲು ಅದರ ಜನರನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕು. ಆದರೆ ಅದರ ಒಡಲಿನಲ್ಲಿ ಜಾಗವಿಲ್ಲ. ಮೇಲೆದ್ದು ನಿಂತರೆ ಅದಕ್ಕೇ ಅಪಾಯ.

ಇನ್ನು ಭೇದವೊಂದುಂಟು. ಗೆರಿಲ್ಲಾ ಯೋಧರು ಮೀನು, ಜನರು ನೀರು ಎಂಬ ಹೋಲಿಕೆ ಚೀನದ ಮಾವೋನಿಂದ ಪ್ರಸಿದ್ಧವಾಯಿತು. ಜಲಾಂತರ್ಗಾಮಿಯನ್ನು ಅಡಗಿಸಿಕೊಂಡ ತಪ್ಪಿಗೆ ಸಮುದ್ರವನ್ನು ಯಾರೂ ದಂಡಿಸಲಾರರು. ಗೆರಿಲ್ಲಾ ಯೋಧನಿಗೆ ಆಶ್ರಯ ಕೊಟ್ಟ ಹಳ್ಳಿಗೆ ಬೆಂಕಿ ಬೀಳುತ್ತದೆ. ಕೊಡದಿದ್ದರೂ ಒಮ್ಮೊಮ್ಮೆ ಬೀಳುತ್ತದೆ. 1791ರಲ್ಲಿ ಹಾಳಾದ ಮೇವು ಅರಸನದಲ್ಲ, ರೈತನದು.

ಪಾಠ ಹೇಳುವಾಗ ನಾವು ಟಿಪ್ಪು, ಕಾರ್ನ್‌ವಾಲಿಸರ ಸೋಲುಗೆಲುವುಗಳನ್ನು ಹೇಳುತ್ತೇವೆ. ರಾಯಕೋಟೆಯ ಬೆಟ್ಟವನ್ನು ತೋರಿಸಿ, ಕೆಳಗಿನ ದಾರಿಯಲ್ಲಿ ಎತ್ತು ಹೊಡೆದವನ, ಹುಲ್ಲು ಕಳೆದುಕೊಂಡವನ ಮಾತನ್ನೂ ಹೇಳಬೇಕು. ಕಡಲಿನ ಯುದ್ಧದಲ್ಲಿ ಆ ಸ್ಥಾನ ಸರಕುಹಡಗಿನ ನಾವಿಕನದು. ಕೂಟಯುದ್ಧವು ಭೂಮಿಯ ಮೇಲಾಗಲಿ ನೀರಿನಡಿಯಲ್ಲಾಗಲಿ, ಆಯುಧವಿಲ್ಲದ ಇವರ ಮೂಲಕವೇ ಹಾದುಹೋಗುತ್ತದೆ.