ಅಡಿಕೆ ಸುಲಿತದ ಅಂಗಳದಲ್ಲಿ ತಾಯಿಹಾಲಿನ ವೇಳೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಸುಲಿಯುವವರಲ್ಲಿ ಮಹಿಳೆಯರೇ ಹೆಚ್ಚು. ಸುಲಿದ ತೂಕಕ್ಕೆ ಕೂಲಿ. ಮಗುವಿಗೆ ಹಾಲೂಡಿಸಲು ಎದ್ದರೆ ಅಷ್ಟು ಕೂಲಿ ಖೋತಾ.

ಕಾರ್ಖಾನೆಗಳಲ್ಲಿ ಹಾಗೂ 10 ನೌಕರರುಳ್ಳ ಮಳಿಗೆಗಳಲ್ಲಿ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆರಡು ಹಾಲೂಡಿಕೆಯ ವಿರಾಮ ನೀಡಬೇಕೆಂಬ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ನಿಯಮವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. 50 ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ನಾಲ್ಕಾರು ಮಂದಿ ಸುಲಿಯುವ ಖೇಣಿದಾರರ ಅಂಗಳಕ್ಕೆ ಈ ನಿಯಮ ತಲುಪದು. ಅಲ್ಲಿ ನಿರ್ಧಾರ ಮಾಲೀಕರದೇ.

ಬೇಕಾದುದು ಅಲ್ಪ: ಪರದೆ ಕಟ್ಟಿದ ಮೂಲೆ, ಸಾಬೂನು, ನೀರು, ವಿರಾಮದ ವೇಳೆಗೂ ಸರಾಸರಿ ತೂಕದ ಕೂಲಿ. ಮೊದಲ ಆರು ತಿಂಗಳು ಶಿಶುವಿಗೆ ತಾಯಿಹಾಲೊಂದೇ ಸಾಕು. ಕೊಯ್ದ ಹಸಿ ಅಡಿಕೆ ಬಹುದಿನ ಕಾಯದು. ಸುಗ್ಗಿಯ ನಡುವೆ ನುರಿತ ಕೈ ಉಳಿದರೆ ಲಾಭ ವ್ಯಾಪಾರಿಗೂ ಉಂಟು.