ಯೂರೋಪ್ ಪ್ರವಾಸಕ್ಕೆ ಹೊರಟಿರಾ? ಮೊದಲು ಪಾದ ನೋಡಿಕೊಳ್ಳಿ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬ ಮಾತು ನಮ್ಮಲ್ಲಿ ಹಳೆಯದು. ಹಿಂದೆ ದೇಶ ಸುತ್ತುವುದೆಂದರೆ ಕಾಶಿ, ರಾಮೇಶ್ವರ. ಈಗ ಮಕ್ಕಳ ಮದುವೆ ಮುಗಿಸಿ, ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಮಧ್ಯಮ ವರ್ಗದ ದಂಪತಿಗಳು ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ನೋಡಿ ಬರುತ್ತಾರೆ. ಸಂತೋಷದ ವಿಷಯವೇ. ಆದರೆ ಹೀಗೆ ಹೊರಡುವವರಲ್ಲಿ ಬಹಳಷ್ಟು ಮಂದಿ ಅರವತ್ತರ ಆಸುಪಾಸಿನವರು. ಅವರ ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೆ ಬಿ.ಪಿ. ಮಾತ್ರೆಯೋ ಸಕ್ಕರೆ ಕಾಯಿಲೆಯ ಮಾತ್ರೆಯೋ ಇದ್ದೇ ಇರುತ್ತದೆ. ಅಂಥವರಿಗಾಗಿ ಈ ವಾರದ ಲೇಖನ.

2017ರ ಏಪ್ರಿಲ್ ತಿಂಗಳು. ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಅವರಿಗೆ 62, ಆಕೆಗೆ 59. ಮೇಷ್ಟ್ರಿಗೆ ರಕ್ತದೊತ್ತಡ, ಆಕೆಗೆ ಹನ್ನೆರಡು ವರ್ಷದಿಂದ ಮಧುಮೇಹ. 'ಡಾಕ್ಟ್ರೇ, ಹದಿನೈದು ದಿನದಲ್ಲಿ ಒಂಬತ್ತು ದೇಶ' ಎಂದು ಮೇಷ್ಟ್ರು ಪ್ರವಾಸದ ಪಟ್ಟಿ ತೋರಿಸಿದರು. ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಲಿಚ್‌ಟನ್‌ಸ್ಟೈನ್, ಆಸ್ಟ್ರಿಯಾ, ಇಟಲಿ, ವ್ಯಾಟಿಕನ್. ನಾನು ಬಿ.ಪಿ. ನೋಡಿದೆ, ಸಕ್ಕರೆ ಪರೀಕ್ಷೆಯ ವರದಿ ನೋಡಿದೆ, ಕೆಮ್ಮು ನೆಗಡಿಗೆ, ಭೇದಿಗೆ ಮಾತ್ರೆ ಬರೆದುಕೊಟ್ಟೆ. ಹೊರಗೆ ರೋಗಿಗಳ ಸಾಲು ಉದ್ದವಿತ್ತು. ಆಕೆಯ ಪಾದವನ್ನು ಮಾತ್ರ ನಾನು ನೋಡಲಿಲ್ಲ.

ಹೊರಡುವ ಹಿಂದಿನ ದಿನ ಆಕೆ ಹೊಸ ಬೂಟು ಕೊಂಡರು. ಜೀವನವಿಡೀ ಚಪ್ಪಲಿ ಹಾಕಿದ ಕಾಲು ಅದು. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡಾಮ್ ಮುಗಿಸಿ ಐದನೆಯ ದಿನ ಜರ್ಮನಿಯ ಕಲೋನ್ ನಗರದ ಹೋಟೆಲಿನಲ್ಲಿ ಬೂಟು ಬಿಚ್ಚಿದಾಗ ಕಾಲುಚೀಲದ ಮೇಲೆ ರಕ್ತದ ಕಲೆ ಕಂಡಿತು. ಕಿರುಬೆರಳ ಬಳಿ ಬೊಕ್ಕೆ ಎದ್ದು ಒಡೆದಿತ್ತು. ನೋವೇನೂ ಇರಲಿಲ್ಲ. ಒಂದು ಪ್ಲಾಸ್ಟರ್ ಅಂಟಿಸಿಕೊಂಡು, ಗಂಡನಿಗೂ ಹೇಳದೆ, ಇನ್ನೂ ಹತ್ತು ದಿನ ನಡೆದರು. ಊರಿಗೆ ಮರಳಿದ ಮೂರನೆಯ ದಿನ ಜ್ವರ ಬಂದು ನನ್ನಲ್ಲಿಗೆ ಬಂದಾಗ ಬೆರಳು ಕಪ್ಪಾಗಿತ್ತು. ಮೂರು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು. ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ.

'ನೋವಿದ್ದಿದ್ದರೆ ಹೇಳ್ತಿದ್ದೆ ಡಾಕ್ಟ್ರೇ. ನೋವೇ ಇಲ್ಲವಲ್ಲ, ಅಷ್ಟು ದುಡ್ಡು ಕೊಟ್ಟು ಹೋಗಿದ್ದೇವೆ, ಇವರ ಖುಷಿ ಯಾಕೆ ಕೆಡಿಸಲಿ ಅಂದುಕೊಂಡೆ' ಎಂದರು ಆಕೆ. ಆ ಮಾತನ್ನು ನಾನು ಮರೆತಿಲ್ಲ. ಮಧುಮೇಹ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ, ಬೂಟು ಕಚ್ಚಿದರೂ ತಿಳಿಯದು. ಆರೋಗ್ಯವಂತರಿಗೆ ನೋವು ಕಾವಲುಗಾರ. ಮಧುಮೇಹಿಯ ಪಾದದಲ್ಲಿ ಆ ಕಾವಲುಗಾರ ಮಲಗಿರುತ್ತಾನೆ. ಆದ್ದರಿಂದ ಅಲ್ಲಿ ಕಣ್ಣೇ ಕಾವಲು ಕಾಯಬೇಕು.

ಹೊರಡುವ ಮೊದಲು

ಹೊರಡಲು ಕನಿಷ್ಠ ಆರು ವಾರ ಇರುವಾಗಲೇ ವೈದ್ಯರನ್ನು ಕಾಣಿರಿ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿವೆಯೇ ನೋಡಿಸಿರಿ. ಮಧುಮೇಹಿಗಳು ವೈದ್ಯರು ಕೇಳದಿದ್ದರೂ ಚಪ್ಪಲಿ ಬಿಚ್ಚಿ ಪಾದ ತೋರಿಸಿರಿ. ನಡೆದಾಗ ಎದೆ ಹಿಡಿದಂತಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇದ್ದರೆ ಮುಚ್ಚಿಡಬೇಡಿ. ಹುಳುಕು ಹಲ್ಲಿದ್ದರೆ ಇಲ್ಲೇ ಸರಿಪಡಿಸಿಕೊಳ್ಳಿ.

ಬೂಟನ್ನು ಒಂದೆರಡು ತಿಂಗಳು ಮುಂಚೆಯೇ ಕೊಳ್ಳಿರಿ. ಸಂಜೆಯ ಹೊತ್ತು ಕಾಲು ಸ್ವಲ್ಪ ಊದಿರುವುದರಿಂದ ಆಗ ಅಳತೆ ನೋಡುವುದು ಒಳ್ಳೆಯದು. ಅದೇ ಬೂಟಿನಲ್ಲಿ ದಿನವೂ ನಡೆದು ಅಭ್ಯಾಸ ಮಾಡಿಕೊಳ್ಳಿ. ಹದಿನೈದು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಒಂದು ಗಂಟೆಗೆ ಏರಿಸಿ. ಯೂರೋಪಿನ ಹಳೆಯ ಪಟ್ಟಣಗಳ ನಡುಭಾಗಕ್ಕೆ ಎಷ್ಟೋ ಕಡೆ ಬಸ್ಸು ಹೋಗುವುದಿಲ್ಲ. ವೆನಿಸ್ ದ್ವೀಪದೊಳಗಂತೂ ಮೋಟಾರು ವಾಹನವೇ ಇಲ್ಲ. ರೋಮಿನ ಹಳೆಯ ಬೀದಿಗಳಲ್ಲಿ ಕರಿಯ ಚೌಕಗಲ್ಲು ಹಾಸಿದ ಏರುತಗ್ಗಿನ ನೆಲ. ನಮ್ಮಲ್ಲಿ ಹಾಲು ತರಲೂ ಸ್ಕೂಟರ್ ಹತ್ತುವವರು ಅಲ್ಲಿ ದಿನಕ್ಕೆ ಏಳೆಂಟು ಕಿಲೋಮೀಟರ್ ನಡೆಯಬೇಕಾಗುತ್ತದೆ.

ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಆಗುವಷ್ಟು ಮಾತ್ರೆ ಒಯ್ಯಿರಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ವೈದ್ಯರಿಂದ ಕಾಯಿಲೆಯ ವಿವರ ಮತ್ತು ಔಷಧಿಗಳ ಮೂಲ ಹೆಸರು ಬರೆಸಿಕೊಳ್ಳಿ. ನಮ್ಮ ಕಂಪನಿಗಳ ಹೆಸರು ಅಲ್ಲಿಯ ಔಷಧಿ ಅಂಗಡಿಯವರಿಗೆ ತಿಳಿಯದು. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಮುಂತಾದವಕ್ಕೆ ಕೆಲವು ದೇಶಗಳಲ್ಲಿ ನಿರ್ಬಂಧ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವಿಮಾನದ ಸರಕಿನ ಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇನ್ನು ವಿಮೆ. ಅಲ್ಪಾವಧಿಯ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅನೇಕರು ವೀಸಾ ಸಿಕ್ಕರೆ ಸಾಕೆಂದು ಕಾಗದ ಓದದೆ ಸಹಿ ಹಾಕುತ್ತಾರೆ. ಮೊದಲೇ ಇದ್ದ ಕಾಯಿಲೆಗಳ ವಿಷಯದಲ್ಲಿ ನಿಮ್ಮ ವಿಮೆ ಏನು ಹೇಳುತ್ತದೆ ಎಂಬುದನ್ನು ತಪ್ಪದೆ ಓದಿರಿ. ಬಿ.ಪಿ., ಸಕ್ಕರೆ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ಹಣ ಬಾರದೆ ಹೋದೀತು.

ವಿಮಾನದಲ್ಲಿ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋದರೂ ಪಶ್ಚಿಮ ಯೂರೋಪಿಗೆ ಒಂಬತ್ತು ಹತ್ತು ಗಂಟೆ ಕುಳಿತಿರಬೇಕು. ನಾಲ್ಕು ಗಂಟೆಗೂ ಹೆಚ್ಚು ಕಾಲು ಮಡಿಸಿ ಕುಳಿತರೆ ಮೀನಖಂಡದ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಬೊಜ್ಜು ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು, ಹಿಂದೆ ಹೀಗಾದವರು ವಿಶೇಷ ಎಚ್ಚರ ವಹಿಸಬೇಕು. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕುಳಿತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು ಮಾಡಿರಿ. ನೀರು ಕುಡಿಯಿರಿ. ಪ್ರವಾಸದಲ್ಲಾಗಲಿ ಹಿಂತಿರುಗಿದ ಕೆಲವು ವಾರಗಳಲ್ಲಾಗಲಿ ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಪ್ಯಾರಿಸ್, ರೋಮ್, ವಿಯೆನ್ನಾಗಳ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಗಿಡ್ಡವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಎರಡು ದಿನಗಳ ಹೊತ್ತು ಮತ್ತು ಅಳತೆಯನ್ನು ವೈದ್ಯರಿಂದ ಬರೆಸಿಕೊಂಡೇ ಹೊರಡಬೇಕು.

ನೀರು ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ

ಮೇಷ್ಟ್ರ ಕಥೆ ಬೇರೆ. ಅವರ ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಯೂ ಒಂದಿತ್ತು. ಬಸ್ಸು ಗಂಟೆಗಟ್ಟಲೆ ನಿಲ್ಲದು. ನಿಂತಲ್ಲೂ ಶೌಚಾಲಯಕ್ಕೆ ಹಲವೆಡೆ ಅರ್ಧ ಯೂರೊ, ಒಂದು ಯೂರೊ ಕೊಡಬೇಕು. 'ಒಂದಕ್ಕೆ ಹೋಗೋದಕ್ಕೆ ನೂರು ರೂಪಾಯಿಯೇ!' ಎಂದು ಮೇಷ್ಟ್ರು ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಊರಿಗೆ ಬಂದಾಗ ಪಾದ ಊದಿತ್ತು, ಬಿ.ಪಿ. ಏರಿತ್ತು. ಇಂಥ ಮಾತ್ರೆಯನ್ನು ಹೋಟೆಲಿಗೆ ಮರಳಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿದ್ದರೆ ದಾರಿ ಇರುತ್ತಿತ್ತು. ತಾನಾಗಿ ನಿಲ್ಲಿಸುವುದು ಮಾತ್ರ ಕೂಡದು.

ಹೆಂಗಸರು ಶೌಚಾಲಯಕ್ಕೆ ಹೆದರಿ ನೀರನ್ನೇ ಬಿಡುತ್ತಾರೆ. ಇದರಿಂದ ಉರಿಮೂತ್ರ, ಮೂತ್ರನಾಳದ ಸೋಂಕು, ಮಲಬದ್ಧತೆ ಎಲ್ಲವೂ ಬರುತ್ತವೆ. ಕೈಯಲ್ಲಿ ಚಿಲ್ಲರೆ ನಾಣ್ಯ ಇಟ್ಟುಕೊಂಡು ನೀರು ಕುಡಿಯುವುದೇ ಲೇಸು. ಪಶ್ಚಿಮ ಯೂರೋಪಿನ ನಗರಗಳಲ್ಲಿ ಸಾಮಾನ್ಯವಾಗಿ ನಲ್ಲಿ ನೀರು ಕುಡಿಯಲು ಯೋಗ್ಯ. ವಿಯೆನ್ನಾಗೆ 1873ರಿಂದ ಬೆಟ್ಟದ ಚಿಲುಮೆಗಳ ನೀರೇ ಕೊಳವೆಯಲ್ಲಿ ಬರುತ್ತಿದೆ. ರೋಮಿನ ಬೀದಿಗಳಲ್ಲಿ ಸದಾ ಹರಿಯುವ ಕುಡಿಯುವ ನೀರಿನ ನಲ್ಲಿಗಳಿವೆ.

ಬೇಸಿಗೆಯಲ್ಲಿ ನೀರಿನ ಮಾತು ಇನ್ನೂ ಮುಖ್ಯ. 'ಯೂರೋಪ್ ಅಂದರೆ ಚಳಿ' ಎಂದು ಉಣ್ಣೆಯ ಬಟ್ಟೆಯನ್ನಷ್ಟೇ ತುಂಬಿಕೊಂಡು ಹೋಗುವವರಿದ್ದಾರೆ. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವೃದ್ಧರು. ಅಲ್ಲಿಯ ಅನೇಕ ಹಳೆಯ ಕಟ್ಟಡಗಳಲ್ಲಿ ಫ್ಯಾನ್ ಕೂಡ ಇರುವುದಿಲ್ಲ. ಜುಲೈ ಆಗಸ್ಟ್‌ಗಿಂತ ಮೇ ಅಥವಾ ಸೆಪ್ಟೆಂಬರ್ ಹಿರಿಯರಿಗೆ ಹಿತ.

ಊಟದ ವಿಷಯ. ಸಸ್ಯಾಹಾರಿಗಳು ಬ್ರೆಡ್ಡು, ಚೀಸು, ಆಲೂಗಡ್ಡೆಯಲ್ಲೇ ದಿನ ಕಳೆಯುತ್ತಾರೆ. ಚೀಸಿನಲ್ಲಿ ಉಪ್ಪು ಹೆಚ್ಚು, ನಾರು ಇಲ್ಲ. ದಿನವೂ ಹಣ್ಣು, ಹಸಿ ತರಕಾರಿ ತಿನ್ನಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತಟ್ಟನೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ನಡೆದು, ಊಟ ತಡವಾದರೆ ಬೆವರಿ ನಡುಗಿ ತಲೆ ಸುತ್ತಿ ಬೀಳಬಹುದು. ಇಟಲಿಯಲ್ಲಿ ರಾತ್ರಿಯ ಊಟಕ್ಕೆ ಹೋಟೆಲು ತೆರೆಯುವುದೇ ಏಳೂವರೆಯ ಹೊತ್ತಿಗೆ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್, ಚೀಲದಲ್ಲಿ ಬಿಸ್ಕತ್ತು ಇರಲಿ.

ಮೇಲೆ ಹತ್ತುವ ಮುನ್ನ

ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ರೈಲು ನಿಮ್ಮನ್ನು ಕೆಲವೇ ಗಂಟೆಗಳಲ್ಲಿ ಕಣಿವೆಯಿಂದ ಅಷ್ಟು ಮೇಲೆ ಕೊಂಡೊಯ್ಯುತ್ತದೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಉಸಿರಿಗೆ ದಕ್ಕುವ ಆಮ್ಲಜನಕ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಳಿದ ಕೂಡಲೇ ಹಿಮದಲ್ಲಿ ಓಡಬೇಡಿ, ಹತ್ತು ನಿಮಿಷ ಕುಳಿತುಕೊಳ್ಳಿ. ತಲೆನೋವು, ವಾಕರಿಕೆ, ಏದುಸಿರು ಬಂದರೆ ಮುಂದಿನ ರೈಲಿಗೇ ಕೆಳಗಿಳಿಯಿರಿ. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಹತೋಟಿಯಲ್ಲಿ ಇಲ್ಲದವರು, ತೀವ್ರ ರಕ್ತಹೀನತೆ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು.

ಗೋಪುರಗಳ ಮಾತೂ ಅಷ್ಟೆ. ಕಲೋನ್ ಚರ್ಚಿನ ಗೋಪುರಕ್ಕೆ 533 ಮೆಟ್ಟಿಲು, ಫ್ಲಾರೆನ್ಸಿನ ಗುಮ್ಮಟಕ್ಕೆ 463. ಅರ್ಧದಲ್ಲಿ ಎದೆ ಹಿಡಿದರೆ ಆ ಇಕ್ಕಟ್ಟಿನಲ್ಲಿ ಇಳಿಯುವುದೂ ಕಷ್ಟ. ಕೆಳಗೆ ನಿಂತು ನೋಡಿದರೂ ಅವು ಸುಂದರವೇ.

ತುರ್ತು ಸಂದರ್ಭದಲ್ಲಿ ಯೂರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲೂ 112ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸ್ವಿಟ್ಜರ್ಲೆಂಡಿನಲ್ಲೂ ಈ ಸಂಖ್ಯೆ ನಡೆಯುತ್ತದೆ. ಔಷಧಿ ಅಂಗಡಿಗೆ ಫ್ರಾನ್ಸ್, ಇಟಲಿಗಳಲ್ಲಿ ಹಸಿರು ಶಿಲುಬೆಯ ಗುರುತು ಇರುತ್ತದೆ. ಆಂಟಿಬಯೋಟಿಕ್ ಬೇಕೆಂದರೆ ವೈದ್ಯರ ಚೀಟಿ ಇರಲೇಬೇಕು.

ನಿಧಾನವೇ ಪ್ರಧಾನ

ಯೂರೋಪ್ ಒಕ್ಕೂಟದ ಕಾನೂನಿನಂತೆ ಬಸ್ಸಿನ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ಚಾಲಕನಿಗೆ ಇರುವ ವಿಶ್ರಾಂತಿ ಪ್ರವಾಸಿಗೆ ಬೇಡವೆ?

ಅದೇ ಮೇಷ್ಟ್ರು ದಂಪತಿ 2023ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಯೂರೋಪಿಗೆ ಹೋದರು. ಈ ಸಲ ಒಂಬತ್ತು ದೇಶವಲ್ಲ, ನಾಲ್ಕು ಊರು: ಪ್ಯಾರಿಸ್, ಲೂಸರ್ನ್, ಫ್ಲಾರೆನ್ಸ್, ವಿಯೆನ್ನಾ. ಒಂದೊಂದರಲ್ಲೂ ನಾಲ್ಕೈದು ರಾತ್ರಿ, ನಡುವೆ ರೈಲು. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಮಲಗುವುದು, ಸಂಜೆ ಉದ್ಯಾನ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಹಸಿರು ಕುರ್ಚಿಯಲ್ಲಿ ಎರಡು ಗಂಟೆ ಸುಮ್ಮನೆ ಕುಳಿತಿದ್ದರಂತೆ. 'ಮೊದಲ ಸಲ ಊರುಗಳ ಹೆಸರು ನೋಡಿ ಬಂದೆವು, ಈ ಸಲ ಊರು ನೋಡಿದೆವು' ಎಂದರು ಮೇಷ್ಟ್ರು.

ಹೊರಡುವ ಮೊದಲು ನಾನು ಆಕೆಯ ಎರಡೂ ಪಾದ ನೋಡಿದ್ದೆ, ಒಂಬತ್ತು ಬೆರಳುಗಳ ಸಂದುಗಳನ್ನೂ ನೋಡಿದ್ದೆ. ದಿನವೂ ರಾತ್ರಿ ಪಾದ ತೊಳೆದು, ಒರೆಸಿ, ಅಂಗಾಲು ಪರೀಕ್ಷಿಸಬೇಕು ಎಂದೆ. ಆಕೆಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಮಂಡಿ ನೋವು. 'ಇವರು ನೋಡಲಿ' ಎಂದೆ. 'ಅಯ್ಯೋ, ಇವರ ಕೈಲಿ ಕಾಲು ಮುಟ್ಟಿಸಿಕೊಳ್ಳೋದೇ? ಬೇಡಪ್ಪ' ಎಂದು ಆಕೆ ಕಾಲು ಹಿಂದೆಳೆದುಕೊಂಡರು. ಮೇಷ್ಟ್ರು ಮಾತಾಡಲಿಲ್ಲ. ಆದರೆ ಹತ್ತೊಂಬತ್ತು ರಾತ್ರಿಯೂ ಮೊಬೈಲಿನ ಬೆಳಕು ಹಿಡಿದು ಪತ್ನಿಯ ಅಂಗಾಲು ನೋಡಿದರಂತೆ. ಲೂಸರ್ನಿನಲ್ಲಿ ಒಂದು ದಿನ ಹಿಮ್ಮಡಿ ಕೆಂಪಾಗಿದ್ದು ಕಂಡು, ಮರುದಿನ ಎಲ್ಲಿಗೂ ಹೋಗದೆ ಸರೋವರದ ದಂಡೆಯಲ್ಲಿ ಕುಳಿತರು. ಕೆಂಪು ಇಳಿಯಿತು, ಪ್ರವಾಸ ಮುಂದುವರಿಯಿತು.

ಓದುಗರೇ, ನಿಮ್ಮ ಮನೆಯಲ್ಲೂ ಹಳೆಯ ಮಧುಮೇಹಿಗಳು ಇರಬಹುದು. ಯೂರೋಪಿಗೆ ಹೋಗದಿದ್ದರೂ ಚಿಂತೆಯಿಲ್ಲ. ಇಂದು ರಾತ್ರಿ ಊಟವಾದ ಮೇಲೆ, ದೀಪ ಆರಿಸುವ ಮುನ್ನ, ಒಮ್ಮೆ ಅವರ ಪಾದ ನೋಡಿರಿ.